ಅಪ್ಪನ ಬಾಯಲ್ಲಿ ಅಜ್ಜನ ಉಂಗುರ

ಸವಣೂರಿನ ಎಲೆ ಪೇಟೆಯಲ್ಲಿ ಅಪ್ಪ ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರಿರಲಿಲ್ಲ. ವೀಳ್ಯದೆಲೆಯನ್ನು ಅವರು ಬೆಳೆಯುತ್ತಿರಲಿಲ್ಲ, ಮಾರುತ್ತಲೂ ಇರಲಿಲ್ಲ, ತಿನ್ನುತ್ತಿದ್ದರು. ಒಳ್ಳೆಯ ತೋಟದ ಎಲೆಯ ಕೆಳಗೆ ಸಾಧಾರಣ ತೋಟದ ಎಲೆ ಸೇರಿಸಿ ಬುಟ್ಟಿ ಕಟ್ಟುವ ಜಾಣತನ ಆಗಲೂ ಇತ್ತು. ಪರವೂರಿನ ವ್ಯಾಪಾರಿಗೆ ಅನುಮಾನ ಬಂದರೆ, ಅವನೂ ತೋಟದವನೂ ಇಬ್ಬರೂ ಅಪ್ಪನ ಕಡೆ ತಿರುಗುತ್ತಿದ್ದರು. ಅಪ್ಪ ಬುಟ್ಟಿಯ ನಡುವಿನಿಂದ ಒಂದು ಎಲೆ ಎಳೆದು, ಸುಣ್ಣ ಅಡಕೆ ಏನೂ ಇಲ್ಲದೆ ಬಲಗಡೆಯ ದವಡೆಗೆ ಹಾಕಿ, ಕಣ್ಣು ಮುಚ್ಚಿ ಅಗಿದು, ಇದು ಇಂಥವರ ತೋಟದ್ದು, ಇದಕ್ಕೆ ಬಾವಿಯ ನೀರು, ಬಳ್ಳಿಗೆ ಇಷ್ಟು ವಯಸ್ಸು ಎಂದು ಹೇಳುತ್ತಿದ್ದರು. ಆಮೇಲೆ ವಾದವಿಲ್ಲ. ನಮ್ಮ ಮನೆ ನಡೆದದ್ದೂ, ನಾನು ಧಾರವಾಡಕ್ಕೆ ಹೋಗಿ ಓದಿದ್ದೂ ಆ ನಾಲಿಗೆಯಿಂದಲೇ.

ಬಳ್ಳಿಯ ವಯಸ್ಸನ್ನೂ ಹೇಳುತ್ತಿದ್ದರೇ? ಬರೆದು ಮುಗಿಸಿದ ಕೂಡಲೇ ಅನುಮಾನ ಬಂತು. ವರ್ಷಗಳು ಕಳೆದಂತೆ ನಾನೇ ಅಪ್ಪನಿಗೆ ಒಂದೊಂದು ವಿದ್ಯೆ ಸೇರಿಸುತ್ತ ಬಂದಿರಬಹುದು. ನನ್ನ ಹತ್ತಿರ ಆ ಕಾಲದ ಒಂದು ದಿನಚರಿ ಇದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು, ರಸಾಯನಶಾಸ್ತ್ರ ಓದುತ್ತಿದ್ದಾಗ ಬರೆದದ್ದು. ಅದನ್ನು ತೆರೆದರೆ ಹೆಚ್ಚಾಗಿ ಸಿಗುವುದು ನಾನು ಏನು ತಿಂದೆ ಎಂಬುದು ಮತ್ತು ನಾನು ಎಷ್ಟು ಜಾಣನಾಗಿ ಮಾತನಾಡಿದೆ ಎಂಬುದು. ತಿಂದದ್ದನ್ನು ನಂಬುತ್ತೇನೆ. ಉಳಿದದ್ದನ್ನು ನೋಡಿಕೊಂಡು ಬರೆಯುತ್ತೇನೆ.

ಆ ವರ್ಷ ಅಪ್ಪ ಗಟ್ಟಿ ಅಡಕೆ ಕಡಿಯಲು ಹೋಗಿ ಮೇಲಿನ ಸಾಲಿನ ಬಲಗಡೆಯ ಒಂದು ಹಲ್ಲನ್ನು ಅರ್ಧಕ್ಕೆ ಮುರಿದುಕೊಂಡರು. ಅದರ ನೇರ ಕೆಳಗಿನ ಹಲ್ಲು ಹಿಂದಿನ ವರ್ಷವೇ ತೂತುಬಿದ್ದಿತ್ತು. ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಆ ತೂತಿಗೆ ಬೆಳ್ಳಿ ಮತ್ತು ಪಾದರಸ ಕಲಸಿ ತುಂಬಿದ್ದರು. ಈಗ ಮೇಲಿನದಕ್ಕೂ ಅವರ ಹತ್ತಿರ ಹೋದರೆ, "ಬಂಗಾರದ ಟೊಪ್ಪಿಗೆ ಹಾಕೋಣ, ಬಂಗಾರ ತಂದುಕೊಡಿ" ಎಂದರು. ಅಪ್ಪ ಎದ್ದು ಬಂದರು. ಗುರುತಿಲ್ಲದವನ ಕೈಯಲ್ಲಿ ಬಂಗಾರ ಕೊಟ್ಟು ಬರುವಂಥ ಮನೆತನ ನಮ್ಮದಾಗಿರಲಿಲ್ಲ. ನಮ್ಮ ಮನೆಯ ತಾಳಿ, ಬೆಂಡೋಲೆ ಎಲ್ಲ ಮಾಡಿದ್ದು ಶಿಗ್ಗಾಂವಿಯ ಒಂದು ಪತ್ತಾರ ಮನೆತನ. ತಾಳಿ ಮಾಡುವ ಕೈಗೆ ಹಲ್ಲು ಯಾವ ಲೆಕ್ಕ ಎಂದು ಅಪ್ಪನ ವಾದ.

ಬಂಗಾರ ಎಲ್ಲಿಂದ ತರುವುದು ಎಂಬುದೂ ಆಗಲೇ ತೀರ್ಮಾನವಾಗಿತ್ತು. ಮದುವೆಯಲ್ಲಿ ಅವ್ವನ ಅಪ್ಪ, ಅಂದರೆ ನನ್ನ ಹಾನಗಲ್ಲಿನ ಅಜ್ಜ, ಅಳಿಯನಿಗೆ ಒಂದು ಉಂಗುರ ಹಾಕಿದ್ದರು. ಅಪ್ಪನ ಬೆರಳು ದಪ್ಪವಾಗಿ ಅದು ಗೆಣ್ಣಿನಿಂದ ಮುಂದೆ ಹೋಗದೆ ಹತ್ತು ವರ್ಷವಾಗಿತ್ತು.

"ಬೆರಳಿಗಂತೂ ಬರವಲ್ದು, ಬಾಯಿಗರ ಬರಲಿ" ಎಂದರು ಅಪ್ಪ.

ಅವ್ವ ಉಂಗುರ ತೆಗೆದು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. "ಒಯ್ರಿ. ಆದ್ರ ಒಂದು ಮಾತು. ನಮ್ಮಪ್ಪ ಕೊಟ್ಟದ್ದು ನಿಮ್ಮ ಬಾಯಾಗ ಇರತೈತಿ. ಇನ್ನ ಮ್ಯಾಲ ನಮ್ಮ ತವರ ಮಾತು ಆಡೂ ಮುಂದ ಜ್ವಾಕಿ."

ಚಕ್ಕಡಿ ಹೂಡಿಕೊಂಡು ಅಪ್ಪ ಮತ್ತು ನಾನು ಶಿಗ್ಗಾಂವಿಗೆ ಹೋದೆವು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ನಮ್ಮ ಮನೆಯಲ್ಲಿ ಬರೀ ಗಾದೆಯಾಗಿರಲಿಲ್ಲ, ಕೆಲಸದ ಪದ್ಧತಿಯಾಗಿತ್ತು. ಬಂಗಾರ ಕರಗುವಾಗ ಒಡೆಯ ಎದುರಿಗೆ ಕೂತಿರಬೇಕು, ಕಣ್ಣು ಕದಲಿಸಬಾರದು. ಅಪ್ಪ ಬೆಳಗ್ಗೆ ಕೂತವರು ನೀರಿಗೂ ಏಳಲಿಲ್ಲ.

"ಧಣ್ಯಾರ, ನಡನಡಕ ಕಣ್ಣ ಪಿಳುಕಸ್ರಿ. ಒಣಗಿ ಹೋಗತಾವ" ಎಂದ ಪತ್ತಾರ.

"ನನ್ನ ಕಣ್ಣಿನ ಕಾಳಜಿ ನಿನಗ ಬ್ಯಾಡ. ನೀ ಊದು."

ಪತ್ತಾರ ಊದುಗೊಳವೆಯಿಂದ ಕೆಂಡ ಊದಿದ. ಅರ್ಧ ಉಂಗುರ ಹಲ್ಲಿಗೆ ಸಾಕಾಯಿತು. ಉಳಿದರ್ಧವನ್ನು ಅವನು ಕಡಲೆಕಾಳಿನಷ್ಟು ಗುಂಡು ಮಾಡಿ ಅಪ್ಪನ ಕೈಗೆ ಕೊಟ್ಟ. ಅಪ್ಪ ಅದನ್ನು ಧೋತರದ ಸೆರಗಿಗೆ ಕಟ್ಟಿಕೊಂಡರು. ಮಧ್ಯಾಹ್ನಕ್ಕೆ ಟೊಪ್ಪಿಗೆ ತಯಾರಾಯಿತು. ಮುರಿದ ಹಲ್ಲಿನ ಮೇಲೆ ಅದನ್ನು ಕೂರಿಸಿ, ಬುತ್ತಿ ಬಿಚ್ಚಿ, ಅಪ್ಪ ಕಟಕ ರೊಟ್ಟಿ ಕಡಿದರು. ಟೊಪ್ಪಿಗೆ ಚಪ್ಪಟೆಯಾಯಿತು.

ಪತ್ತಾರ ಅದನ್ನು ತೆಗೆದು ತಿರುಗಿಸಿ ನೋಡಿ, "ಆತು ಬಿಡ್ರಿ, ಗಟ್ಟಿ ಮಾಡಿಕೊಡತೇನಿ" ಎಂದು ಮತ್ತೆ ಮೂಸೆಗೆ ಹಾಕಿದ. ಅಪ್ಪ ಮತ್ತೆ ಕಣ್ಣು ನೆಟ್ಟರು. ಸಂಜೆಯ ಹೊತ್ತಿಗೆ ಆದ ಎರಡನೆಯ ಟೊಪ್ಪಿಗೆ ರೊಟ್ಟಿಗೆ ಜಗ್ಗಲಿಲ್ಲ. ಒಡವೆಯ ಪೊಳ್ಳಿಗೆ ತುಂಬುವ ಅರಗನ್ನೇ ಕಾಸಿ ಅವನು ಅದನ್ನು ಹಲ್ಲಿಗೆ ಅಂಟಿಸಿದ. ದಿನಚರಿಯಲ್ಲಿ ಆ ದಿನದ ಬಗ್ಗೆ ಹೀಗಿದೆ: "ಅಪ್ಪನ ಹಲ್ಲು ಆಯಿತು. ಶೇಂಗಾ ಚಟ್ನಿಗೆ ಉಪ್ಪು ಕಡಿಮೆ." ಅಲ್ಲಿ ನಡೆದದ್ದರಲ್ಲಿ ನೋಡಲೇಬೇಕಾಗಿದ್ದ ಒಂದು ಸಂಗತಿಯನ್ನು ನಾನು ನೋಡಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಮೊದಲ ಒಂದು ತಿಂಗಳು ವೈಭವ. ವರ್ಷಕ್ಕೊಮ್ಮೆ ನಗುವ ಅಪ್ಪ ಈಗ ಎತ್ತು ಕೆಮ್ಮಿದರೂ ನಗುತ್ತಿದ್ದರಂತೆ, ಅದೂ ಬಲಗಡೆಯಿಂದ. ಸಾವಿನ ಮನೆಗೆ ಹೋಗುವಾಗ ಅವ್ವ "ಬಾಯಿ ಮುಚಗೊಂಡು ಅಳ್ರಿ" ಎಂದು ಹೇಳಿ ಕಳಿಸಬೇಕಾಯಿತಂತೆ. ಇವೆಲ್ಲ ನಾನು ಕಾಲೇಜಿನಲ್ಲಿದ್ದಾಗ ನಡೆದವು. ಆದರೂ ಆ ಸಾವಿನ ಮನೆಯ ಕಟ್ಟೆಯ ಮೇಲೆ ಅಪ್ಪ ತುಟಿ ಬಿಗಿದು ಅಳುತ್ತಿರುವುದನ್ನು ನಾನು ಕಣ್ಣಾರೆ ನೋಡಿದಂತೆ ನೆನಪಿದೆ. ನೆನಪಿನ ಯೋಗ್ಯತೆ ಇಷ್ಟೇ.

ಬೇಸಿಗೆಯ ರಜೆಗೆ ನಾನು ಬಂದಾಗ ಮನೆಯಲ್ಲಿ ಗಾಳಿ ಬೇರೆಯಾಗಿತ್ತು. ಅಪ್ಪ ನಗುತ್ತಿರಲಿಲ್ಲ. ಊಟಕ್ಕೆ ಕೂತರೆ ಒಂದೊಂದು ತುತ್ತಿಗೂ ಮುಖ ಹಿಂಡುತ್ತಿದ್ದರು.

"ಬಾಯೆಲ್ಲ ಕಿಲುಬು ಕಿಲುಬು" ಎಂದರು. "ಕಲಾಯಿ ಹೋದ ತಾಮ್ರದ ಭಾಂಡೇದಾಗ ಮಜ್ಜಿಗಿ ಇಟ್ಟು ಕುಡದಂಗ. ಬೆಲ್ಲ ತಿಂದ್ರೂ ಅದ, ಹಾಲ ಕುಡದ್ರೂ ಅದ."

ಬಾಯಿ ತೆರೆಸಿ ನೋಡಿದೆ. ಟೊಪ್ಪಿಗೆಯ ನೆತ್ತಿ ಇನ್ನೂ ಹಳದಿಯಾಗಿತ್ತು. ಬುಡದ ಅಂಚಿನಲ್ಲಿ ಹಸಿರು ಗೆರೆ ಮೂಡಿತ್ತು. ಅದಕ್ಕೆ ತಾಗಿದ ಒಸಡು ಬಾತು ಕಪ್ಪಾಗಿತ್ತು. ಗಟ್ಟಿಯಾಗಿ ಅಗಿದರೆ ಮೇಲಿನ ಬಂಗಾರ ಕೆಳಗಿನ ಬೆಳ್ಳಿಗೆ ತಾಗಿ ಕಿವಿಯವರೆಗೆ ಜುಮ್ ಎನ್ನುತ್ತದೆ ಎಂದರು. ಆದರೆ ಅವರ ಚಿಂತೆ ನೋವಿನದಾಗಿರಲಿಲ್ಲ. ಎಲೆಯ ರುಚಿ ಹೋಗಿತ್ತು. ಎಲ್ಲ ತೋಟದ ಎಲೆಯೂ ಒಂದೇ ಹಳೆಯ ತಂಬಿಗೆಯಿಂದ ಬಂದಂತೆ ಕಾಣುತ್ತಿತ್ತು. ಎರಡು ತಿಂಗಳಿನಿಂದ ಅವರು ಪೇಟೆಯಲ್ಲಿ ಕಣ್ಣು ಮುಚ್ಚಿ ಅಗಿದು, ಬುಟ್ಟಿಯ ಕಟ್ಟು ನೋಡಿ, ತೋಟದವನ ಮುಖ ನೋಡಿ, ಅಂದಾಜಿನಿಂದ ಹೇಳುತ್ತಿದ್ದರು. ಇದು ಅವರಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ಈಗ ನನಗೆ ಗೊತ್ತಾಯಿತು. ಪೇಟೆಗೆ ಗೊತ್ತಾದರೆ ಮುಗಿಯಿತು.

"ಆ ಹಲ್ಲು ತಗಸಿಬಿಡ್ರಿ" ಎಂದೆ.

ಅಪ್ಪ ಅಡಿಗೆಮನೆಯ ಕಡೆ ನೋಡಿದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಯಾಕ ತಗಸೂದು? ಹಲ್ಲು ಕೆಟ್ಟೈತಿ ಅಂದ್ರ ಉಂಗರ ಕೆಟ್ಟಿತ್ತು ಅಂದಂಗ. ಉಂಗರ ಕೆಟ್ಟಿತ್ತು ಅಂದ್ರ ನಮ್ಮಪ್ಪ ತುಂಬಿದ ಹಂದರದಾಗ ಅಳಿಯಾಗ ಹಿತ್ತಾಳಿ ಹಾಕಿದ ಅಂದಂಗ. ಹೇಳ್ರಿ, ಹಂಗ ಅಂತೀರೇನು?"

"ನಾ ಎಲ್ಲಿ ಅಂದೆ?" ಎಂದರು ಅಪ್ಪ. "ಈ ವರ್ಷ ಎಲಿನ ಸರಿ ಇಲ್ಲ ಅಂದೆ."

"ಹಂಗ ಬರ್ರಿ ಹಾದಿಗೆ."

ಅವ್ವನದು ಕಲ್ಲು ಮನಸ್ಸೆಂದು ಯಾರೂ ತಿಳಿಯಬಾರದು. ಅಪ್ಪನ ನಾಲಿಗೆಗಾಗಿ ಅವಳು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದಳು. ಆದರೆ ಹಲ್ಲು ಹೊರಗೆ ಬಂದರೆ ಕಾರಣವೂ ಹೊರಗೆ ಬರಬೇಕು. ಹಾನಗಲ್ಲಿಗೆ ಅದು ಗಾಳಿಗಿಂತ ಬೇಗ ಮುಟ್ಟುತ್ತದೆ. ಹಲ್ಲನ್ನು ಬಾಯಲ್ಲಿಟ್ಟೇ ರಿಪೇರಿ ಮಾಡಬೇಕೆಂದು ಅವಳ ಹಟ. ಹಿತ್ತಾಳೆ ತಾಮ್ರ ಕಿಲುಬಿದರೆ ನಮ್ಮಲ್ಲಿ ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದಳು: ಹುಣಸೆಹಣ್ಣು, ಉಪ್ಪು, ಒಂದು ಚಿಟಿಕೆ ಬೂದಿ. ಬೆಳಗ್ಗೆ ಹಿತ್ತಲಲ್ಲಿ ಅವಳು ತಂಬಿಗೆ ತಿಕ್ಕುತ್ತಿದ್ದರೆ ಪಕ್ಕದಲ್ಲಿ ಅಪ್ಪ ಕುಕ್ಕರಗಾಲಲ್ಲಿ ಕೂತು ಹಲ್ಲು ತಿಕ್ಕುತ್ತಿದ್ದರು. ಎರಡೂ ಫಳಫಳ ಹೊಳೆಯುತ್ತಿದ್ದವು. ಮರುದಿನಕ್ಕೆ ಕಿಲುಬು ಮೊದಲಿಗಿಂತ ಹೆಚ್ಚು. ಹುಳಿ ತಾಮ್ರವನ್ನು ಕರಗಿಸುತ್ತದೆ, ತಿಕ್ಕಿದಷ್ಟೂ ಹೊಸ ಮೈ ತೆರೆದು ಮತ್ತೆ ಕಿಲುಬುತ್ತದೆ ಎಂದು ನಾನು ಹೇಳಿದೆ. "ಹಂಗಾರ ನಮ್ಮ ಅತ್ತಿಯಾರ ಕಾಲದ ಕೊಡ ಇಷ್ಟೊತ್ತಿಗೆ ಕರಗಿ ಹರದು ಹೋಗಬೇಕಾಗಿತ್ತಲ್ಲ" ಎಂದಳು ಅವ್ವ. 

ಆ ವಾರದ ಸಂತೆಗೆ ಹಿರೇಕೆರೂರಿನ ವ್ಯಾಪಾರಿ ಬಂದ. ಹದಿನೈದು ವರ್ಷದಿಂದ ಅಪ್ಪನ ಮಾತಿನ ಮೇಲೆ ಎಲೆ ಒಯ್ಯುತ್ತಿದ್ದವನು. ಎರಡು ಬುಟ್ಟಿ ಮುಂದಿಟ್ಟು, "ಇವು ಎಲ್ಲಿವು ಹೇಳ್ರಿ" ಎಂದ. ಅಪ್ಪ ಎರಡರಲ್ಲೂ ಒಂದೊಂದು ಎಲೆ ಅಗಿದರು. ನಾನು ಹಿಂದೆ ನಿಂತಿದ್ದೆ. ಅವರ ಕತ್ತಿನ ಮೇಲೆ ಬೆವರು ಇಳಿಯುವುದು ಕಾಣುತ್ತಿತ್ತು.

"ಇದು ಕೆರಿ ಕೆಳಗಿಂದು. ಇದು ಬಾವಿ ತೋಟದ್ದು" ಎಂದರು.

ವ್ಯಾಪಾರಿ ತಲೆ ತಗ್ಗಿಸಿದ. ಪಕ್ಕದಲ್ಲಿದ್ದ ತೋಟದವನು ಅಪ್ಪನ ಬಾಲ್ಯದ ಗೆಳೆಯ, ನಾನು ಕಾಕಾ ಎನ್ನುತ್ತಿದ್ದವನು. ಅವನು ನೆಲ ನೋಡುತ್ತ ಹೇಳಿದ: "ಎರಡೂ ನನ್ನ ತೋಟದ್ದ, ಮಾರಾಯಾ. ಒಂದ ಸಾಲಿಂದು."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ವ್ಯಾಪಾರಿ ಮರ್ಯಾದಸ್ಥ, ಹೊರಡುವಾಗ ಕೈ ಮುಗಿದು, "ಹದಿನೈದ ದಿನ ಬಿಟ್ಟ ಮತ್ತ ಬರ್ತೇನ್ರಿ. ಅಷ್ಟರಾಗ ಬಾಯಿ ನೆಟ್ಟಗ ಮಾಡಕೋರಿ. ಆಗಲಿಲ್ಲಂದ್ರ ನಾವೂ ಹೊಟ್ಟಿ ಇದ್ದವರು, ಬ್ಯಾರೆ ಯಾರನರ ಕೇಳಬೇಕಾಕ್ಕೈತಿ" ಎಂದ.

ನಾವು ಮನೆಯ ಕಡೆ ಹೊರಟೆವು. ನಮ್ಮ ಓಣಿಯಲ್ಲಿ ಕಲಾಯಿ ಹಚ್ಚುವ ಸಾಬರು ಭಟ್ಟಿ ಹೂಡಿ ಕೂತಿದ್ದರು. ಪಕ್ಕದ ಮನೆಯವರ ಪಾತ್ರೆಗೆ ತವರ ಹಚ್ಚುತ್ತಿದ್ದರು. ಅಪ್ಪ ಅಲ್ಲಿ ನಿಂತರು. ಕಿಲುಬುವ ತಾಮ್ರಕ್ಕೆ ಕಲಾಯಿಯೇ ಮದ್ದು ಎಂಬುದು ಅವರಿಗೆ ಆ ಕ್ಷಣ ಹೊಳೆದಿರಬೇಕು.

"ಸಾಬ್ರ, ಇದಕ್ಕೊಂದೀಟು ಕಲಾಯಿ ಹಚ್ಚಾಕ ಬರತೈತೇನು?" ಎಂದು ಬಾಯಿ ತೆರೆದರು.

ಸಾಬರು ಬಾಯಲ್ಲಿ ಇಣುಕಿದರು. ಗಂಭೀರವಾಗಿಯೇ ಹೇಳಿದರು: "ಕಲಾಯಿ ಕುಂದ್ರಬೇಕಂದ್ರ ಭಾಂಡೆ ಮೊದಲ ಚುರುಚುರು ಕಾಸಬೇಕ್ರಿ ಧಣ್ಯಾರ. ನಿಮ್ಮನ್ನ ಭಟ್ಟಿ ಮ್ಯಾಲ ಹ್ಯಾಂಗ ಬೋರಲ ಹಾಕಲಿ?" ಮತ್ತೆ ಇಣುಕಿದರು. "ಮ್ಯಾಲ ಪಿವಳಾ ಬಂಗಾರ, ಕೆಳಗ ಬಿಳೇ ಬೆಳ್ಳಿ. ಪಿವಳಾದಾಗೂ ಎರಡ ನಮೂನಿ ಕಾಣಸ್ತೈತಿ. ಬ್ಯಾರೆ ಬ್ಯಾರೆ ಧಾತು ಒಂದ ನೀರಿನ್ಯಾಗ ಸುಮ್ನ ಕುಂದ್ರೂದಿಲ್ರಿ. ತಾಮ್ರದ ಹಂಡೇಕ ಕಬ್ಬಿಣದ ಮೊಳಿ ಹೊಡದು ನೀರ ತುಂಬಿ ನೋಡ್ರಿ, ಬಡವ ಧಾತೂನ ದೊಡ್ಡ ಧಾತು ತಿಂದ ಬಿಡತೈತಿ."

ನಾನು ಬೀದಿಯಲ್ಲೇ ನಿಂತುಬಿಟ್ಟೆ. ಅದೇ ವರ್ಷ ಪರೀಕ್ಷೆಯಲ್ಲಿ ಎರಡು ಲೋಹ ಮತ್ತು ಉಪ್ಪುನೀರಿನಿಂದ ವಿದ್ಯುತ್ ಹುಟ್ಟುವ ಬಗ್ಗೆ ಚಿತ್ರಸಹಿತ ಎರಡು ಪುಟ ಬರೆದಿದ್ದೆ. ಅಪ್ಪನ ಬಾಯಿಯಲ್ಲಿ ಆ ಚಿತ್ರವೇ ಇತ್ತು: ಮೇಲೆ ಒಂದು ಲೋಹ, ಕೆಳಗೆ ಒಂದು ಲೋಹ, ನಡುವೆ ಉಗುಳು. ದಿನಚರಿಯಲ್ಲಿ "ಇಂದು ಅಪ್ಪನ ಬಾಯಿಯ ರಹಸ್ಯವನ್ನು ನಾನು ಕಂಡುಹಿಡಿದೆ" ಎಂದಿದೆ. ಸಾಬರ ಹೆಸರು ಹೋಗಲಿ, ಸುಳಿವೂ ಇಲ್ಲ. ಮೊನ್ನೆ ಓದಿದಾಗ ನಾಚಿಕೆಯಾಯಿತು. ಆದ್ದರಿಂದ ಈ ಸಂಗತಿಯ ಮಟ್ಟಿಗೆ ನೆನಪೇ ನಿಜ, ಬರಹವೇ ಸುಳ್ಳು ಎಂದು ತೀರ್ಮಾನಿಸಿದ್ದೇನೆ.

ಆ ಸಂಜೆ ನಮ್ಮ ಕಟ್ಟೆಯ ಮೇಲೆ ನಾನು ಉಪನ್ಯಾಸ ಕೊಟ್ಟೆ. ಹಳೆಯ ಬ್ಯಾಟರಿಯ ಸೆಲ್ಲು ಸೀಳಿ ಅದರ ಸತುವಿನ ತಗಡು ತೆಗೆದೆ. ದೇವರ ಮುಂದಿನ ಬೆಳ್ಳಿ ಚಮಚ ತಂದೆ. ಎರಡನ್ನೂ ನಾಲಿಗೆಯ ಮೇಲಿಟ್ಟು ಹೊರಗಿನ ತುದಿಗಳನ್ನು ತಾಗಿಸಿದರೆ ನಾಲಿಗೆ ಚುರ್ ಎಂದು ಹುಳಿಯಾಗುತ್ತದೆ. ಅಪ್ಪ ರುಚಿ ನೋಡಿ, "ಇದ! ಇದ ಅದು!" ಎಂದು ಕೂಗಿದರು. ಓಣಿಯ ಹತ್ತು ಜನ ಸಾಲಾಗಿ ನಿಂತು ನಾಲಿಗೆ ಚಾಚಿದರು. ನಮ್ಮ ಓಣಿಗೆ ಇನ್ನೂ ವಿದ್ಯುತ್ ಬಂದಿರಲಿಲ್ಲ. ಎಲ್ಲರಿಗಿಂತ ಮೊದಲು ಅಪ್ಪನ ಬಾಯಿಗೆ ಬಂದದ್ದು ಒಬ್ಬರಿಗೆ ಅಸಮಾಧಾನವಾಯಿತು.

"ಹಂಗಾರ ಬಾಯಾಗ ದೀಪಾ ಹಿಡದ್ರ ಹತ್ತತೈತೇನಪಾ?"

"ಅಷ್ಟ ಇರೂದಿಲ್ರಿ."

"ಹತ್ತೂದಿಲ್ಲಂದ್ರ ಎಂಥಾ ಕರೆಂಟೋ ಅದು" ಎಂದು ಎದ್ದು ಹೋದರು.

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಮನೆಯ ಪಾಲಿಗೆ ಜಾಣನಾಗಿ ಉಳಿಯುತ್ತಿದ್ದೆ. ಆದರೆ ಓದಿದವನಿಗೆ ವಾಕ್ಯ ಪೂರ್ತಿ ಮಾಡುವ ಚಟ. ಶುದ್ಧ ಬಂಗಾರವನ್ನು ಹುಳಿಯಾಗಲಿ ಉಗುಳಾಗಲಿ ತಿನ್ನುವುದಿಲ್ಲ, ಹಸಿರು ಬಣ್ಣ ತಾಮ್ರದ್ದು, ಆದ್ದರಿಂದ ಹಲ್ಲಿನಲ್ಲಿ ತಾಮ್ರ ಇದೆ ಎಂದೆ.

ಒಳಗಿನಿಂದ ಅವ್ವನ ದನಿ ಬಂತು. "ಎಲ್ಲಿಂದ ಬಂತು ಅದು ತಾಮ್ರ?"

"ಒಂದೋ ಪತ್ತಾರ ಹಾಕಿರಬೇಕು. ಇಲ್ಲಾ..." ಎಂದು ನಾಲಿಗೆ ಕಚ್ಚಿಕೊಂಡೆ.

"ಪತ್ತಾರ ಹ್ಯಾಂಗ ಹಾಕತಾನ?" ಎಂದರು ಅಪ್ಪ, ನನಗಿಂತ ಮುಂದೆ ಓಡಿ. "ನಾ ಮುಂಜಾನಿಂದ ಸಂಜೀತನಕ ಕಣ್ಣ ಪಿಳುಕಿಸಿಲ್ಲ."

ಆಡಿದ ಮೇಲೆ ಅವರಿಗೂ ಅರ್ಥವಾಯಿತು. ಪತ್ತಾರ ಅಲ್ಲವೆಂದರೆ ಉಳಿದದ್ದು ಹಾನಗಲ್ಲಿನ ಅಜ್ಜ ಒಬ್ಬರೇ. ನನ್ನ ವಿಜ್ಞಾನ, ಅಪ್ಪನ ಕಾವಲು, ಎರಡೂ ಸೇರಿ ಅಜ್ಜನನ್ನು ಮೂಲೆಗೆ ದೂಡಿದ್ದವು. ಅವ್ವ ಹೊರಗೆ ಬಂದಳು. ಕುಂಕುಮದ ಭರಣಿಯಲ್ಲಿ ಇಟ್ಟಿದ್ದ ಉಳಿದರ್ಧ ಉಂಗುರದ ಗುಂಡನ್ನು ತೆಗೆದು ಸೆರಗಿನ ತುದಿಗೆ ಕಟ್ಟಿದಳು.

"ನಾಳೆ ಚಕ್ಕಡಿ ಹೂಡ್ರಿ. ನಾನೂ ಬರ್ತೇನಿ. ಹಲ್ಲ ಕಿತ್ತ ಒರಿಗಲ್ಲಿಗೆ ಹಚ್ಚಲಿ, ನನ್ನ ಮುಂದ. ಹಿತ್ತಾಳಿ ಅಂತ ಬಂದ್ರ ಅಲ್ಲಿಂದ ಹಂಗ ಹಾನಗಲ್ಲಿಗೆ ಹೋಗಿ ನಮ್ಮಪ್ಪನ್ನ ಕೇಳತೇನಿ. ಬಂಗಾರ ಅಂತ ಬಂದ್ರ ನಿಮ್ಮನ್ನ ಕೇಳತೇನಿ."

ಶಿಗ್ಗಾಂವಿಯ ಪತ್ತಾರ ನಮ್ಮ ಮೂವರನ್ನೂ ನೋಡಿ ಗದ್ದುಗೆಯಿಂದ ಎದ್ದ. ಸಂಗತಿ ಕೇಳಿ, ಬಾಯಿ ನೋಡಿ, "ಅರಗಿನ್ಯಾಗ ಕುಂತೈತ್ರಿ, ಹಂಗ ಜಗ್ಗಿದ್ರ ಹಲ್ಲೂ ಬರತೈತಿ. ಕಾಸಿ ತಗೀಬೇಕು" ಎಂದ. ಕಾಸುವುದು ಹೇಗೆ? ಎದುರಿನ ಅಂಗಡಿಯಿಂದ ಚಹಾ ತರಿಸಿದ. ಕುದಿಯುವ ಚಹಾವನ್ನು ಬಲಗಡೆಗೆ ತುಂಬಿ ಹಿಡಿದುಕೊಳ್ಳಬೇಕು, ನುಂಗಬಾರದು. ಒಂದು ಕಪ್ಪಿಗೆ ಅರಗು ಅಲುಗಲಿಲ್ಲ. ಎರಡನೆಯದಕ್ಕೆ ಅಪ್ಪನ ಕಣ್ಣಲ್ಲಿ ನೀರು ಬಂತು. "ಈಗ ಪಿಳುಕಸಾಕತ್ತಾರ ನೋಡ್ರಿ" ಎಂದ ಪತ್ತಾರ, ಅವ್ವನಿಗೆ. ಮೂರನೆಯದರ ನಂತರ ಬಿಸಿ ಅರಿವೆ ಒತ್ತಿ, ಸಣ್ಣ ಇಕ್ಕಳದಿಂದ ಹಿಡಿದು ತಿರುವಿದ. ಟೊಪ್ಪಿಗೆ ಟಪ್ ಎಂದು ಬಂತು. ಒಳಗಿನಿಂದ ಬಂದ ವಾಸನೆಗೆ ಪತ್ತಾರ, ಅವ್ವ, ನಾನು ಮೂವರೂ ಒಂದು ಗೇಣು ಹಿಂದೆ ಸರಿದೆವು. ಅಪ್ಪನಿಗೆ ಮಾತ್ರ ಸರಿಯಲಾಗಲಿಲ್ಲ.

ಪತ್ತಾರ ಒರೆಗಲ್ಲಿನ ಮೇಲೆ ಮೂರು ಗೆರೆ ಎಳೆದ. ಒಂದು ಅವ್ವನ ಗುಂಡಿನದು, ಒಂದು ಟೊಪ್ಪಿಗೆಯ ನೆತ್ತಿಯದು, ಒಂದು ಹಸಿರುಗಟ್ಟಿದ ಅಂಚಿನದು. ಮೂರರ ಮೇಲೂ ಆಮ್ಲದ ಹನಿ ಬಿಟ್ಟ. ಅವ್ವ ಕಲ್ಲಿನ ಮೇಲೆ ಬಾಗಿದಳು. ಗುಂಡಿನ ಗೆರೆ ಹಾಗೆಯೇ ಉಳಿಯಿತು. ನೆತ್ತಿಯದು ಸ್ವಲ್ಪ ಮಂಕಾಯಿತು. ಅಂಚಿನದು ಹಸಿರಾಗಿ ನೊರೆ ಬಿಟ್ಟು ಮಾಯವಾಯಿತು.

"ಉಂಗರ ಅಪ್ಪಟ ಬಂಗಾರ್ರಿ ಅವ್ವಾರ" ಎಂದ ಪತ್ತಾರ.

"ಹಂಗಾರ ಉಳದದ್ದು?"

"ಅಪ್ಪಟ ಇದ್ದದ್ದಕ್ಕ ರೊಟ್ಟಿಗೆ ಸೋತತು. ಧಣ್ಯಾರ ಮುಂದನ ಗಟ್ಟಿ ಮಾಡಿಕೊಡತೇನಿ ಅಂದೆ. ತಾಮ್ರ ಹಾಕಲಾರದ ಬಂಗಾರ ಎಲ್ಲಿ ಗಟ್ಟಿ ಆಕ್ಕೈತ್ರಿ? ಒಂದೀಟು ಹಾಕಿದೆ. ಅಂಚ ಕೂಡಿಸಾಕ ಹಿತ್ತಾಳಿ ಬೆರಸಿದ ಬೆಸಗಿ ಹಾಕಿದೆ. ಮೂಗುತಿಗೂ ಅದನ್ನ ಹಾಕತೇನ್ರಿ, ಇಪ್ಪತ್ತ ವರ್ಷ ಏನೂ ಆಗೂದಿಲ್ಲ. ಮೂಗು ಎಂದೂ ಎಲಿ ಅಡಕಿ ತಿಂದಿಲ್ಲ ನೋಡ್ರಿ."

"ನನ್ನ ಕಣ್ಣ ಮುಂದ ಹಾಕಿದ್ಯಾ?" ಎಂದು ಅಪ್ಪ ಸುಟ್ಟ ಬಾಯಲ್ಲೇ ಕೂಗಿದರು.

"ಮತ್ತ? ನೀವು ನೋಡಾಕತ್ತಿದ್ರಿ, ನಾ ಹಾಕಿದೆ. ಬ್ಯಾಡ ಅನ್ನಲಿಲ್ಲಲ್ರಿ."

ಆ ದಿನವೆಲ್ಲ ಅಪ್ಪ ಕಾದದ್ದು ಬಂಗಾರ ಹೊರಗೆ ಹೋಗದಂತೆ. ಮೂಸೆಯ ಒಳಗೆ ಬೀಳುವುದನ್ನು ಕಾಯಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಪತ್ತಾರ ತನ್ನ ಡಬ್ಬಿಯಿಂದ ಏನೋ ಹಾಕಿದಾಗ, ನಮ್ಮದೇನೂ ಹೋಗಲಿಲ್ಲವಲ್ಲ ಎಂದು ಅವರು ಸಂತೋಷಪಟ್ಟಿರಬಹುದು. ರಸಾಯನಶಾಸ್ತ್ರದ ವಿದ್ಯಾರ್ಥಿ ಪಕ್ಕದಲ್ಲಿ ಚಟ್ನಿ ತಿನ್ನುತ್ತಿದ್ದ.

ಅವ್ವನಿಗೆ ಈ ವಿಚಾರಗಳು ಬೇಕಿರಲಿಲ್ಲ. "ಪತ್ತಾರ್ರ, ಉಂಗರದ ಮಾತ ಇನ್ನೊಮ್ಮೆ ಹೇಳ್ರಿ. ಇವರ ಬಲಗಿವಿ ಮಂದ."

"ಅಪ್ಪಟ ಬಂಗಾರ್ರಿ."

"ಆ ಬಾಜೂ ಅಂಗಡಿಯಾವ್ರಿಗೆ ಕೇಳಿಸಲಿಲ್ಲ ಅನಸ್ತೈತಿ."

ಅವನು ಎದ್ದು ನಿಂತು ಹೇಳಿದ.

ಹೊಸ ಟೊಪ್ಪಿಗೆ ಬೇಡವೆಂದು ಅಪ್ಪ ಹೇಳಿದರು. ಮೆತ್ತಗಿನದು ರೊಟ್ಟಿಗೆ ಸೋಲುತ್ತದೆ, ಗಟ್ಟಿಯಾದದ್ದು ತನ್ನನ್ನು ಸೋಲಿಸುತ್ತದೆ. ಅರ್ಧ ಹಲ್ಲಿನೊಡನೆ ಊರಿಗೆ ಬಂದೆವು. ಒಸಡಿನ ಬಾವು ಐದಾರು ದಿನದಲ್ಲಿ ಇಳಿಯಿತು, ಕಿಲುಬು ಹೋಯಿತು. ಆದರೆ ಎಲೆ ಮುಟ್ಟಲು ಅಪ್ಪ ಒಪ್ಪಲಿಲ್ಲ. ಚಹಾದಿಂದ ನಾಲಿಗೆಯ ಸಿಪ್ಪೆ ಎದ್ದಿದೆ ಎಂದರು, ಅದು ವಾಸಿಯಾದ ಮೇಲೆ ದಿನ ಸರಿಯಿಲ್ಲ ಎಂದರು. ವ್ಯಾಪಾರಿ ಬರುವ ದಿನ ಹತ್ತಿರವಾಗುತ್ತಿತ್ತು. ಅವರಿಗೆ ಹೆದರಿಕೆಯಾಗಿತ್ತು. ಬಾಯಿ ವಾಸಿಯಾಗಿಯೂ ರುಚಿ ಬಾರದಿದ್ದರೆ ಮುಂದೆ ದೂರಲು ಹಲ್ಲೂ ಇರುವುದಿಲ್ಲ.

ನಾನು ಓದಿದವನು, ಉಪಾಯ ಮಾಡಿದೆ. ತೋಟದ ಕಾಕಾನ ಹತ್ತಿರ ಹೋಗಿ, "ಕಾಕಾ, ನಾಳೆ ನಿಮ್ಮ ತೋಟದ್ದು ಒಂದು ಪೆಂಡಿ ಎಲಿ ತರ್ರಿ. ಅಪ್ಪ ಏನ ಹೇಳಿದ್ರೂ ಹೌದು ಅನ್ರಿ. ಧೈರ್ಯ ಬಂದ್ರ ನಾಲಿಗಿ ತಾನ ಬರತೈತಿ" ಎಂದೆ.

"ಅಷ್ಟ ಏನು, ಅವ ಬಾಳಿ ಎಲಿ ಅಂದ್ರೂ ಹೌದು ಅಂತೇನಿ" ಎಂದ ಕಾಕಾ.

ಮರುದಿನ ಬೆಳಗ್ಗೆ ಅವನು ಪೆಂಡಿ ಹಿಡಿದು ಬಂದ. ಅವ್ವ ಬಾಗಿಲಿಗೆ ಒರಗಿ ನಿಂತಳು. ಕಾಕಾನೂ ನಾನೂ ಒತ್ತಾಯ ಮಾಡಿದ ಮೇಲೆ ಅಪ್ಪ ಒಂದು ಎಲೆ ಎಳೆದು, ತುದಿ ಹರಿದು, ಬಾಯಿಗೆ ಹಾಕಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ಅಗಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

"ಇದು ನಿನ್ನ ತೋಟದ್ದ. ಬಾವಿ ಕಡೆ ಸಾಲಿಂದು" ಎಂದರು ಕೊನೆಗೆ.

"ಖರೇ! ಬರೋಬ್ಬರಿ ಹೇಳಿದಿ ನೋಡು!" ಎಂದು ಕಾಕಾ ತೊಡೆ ತಟ್ಟಿದ. ಅವ್ವ ಕೈ ಮುಗಿದಳು. ನನಗೂ ಸಮಾಧಾನವಾಯಿತು.

ಅಪ್ಪ ಕಣ್ಣು ತೆರೆದರು. ಎಲೆಯನ್ನು ಉಗುಳಿದರು.

"ಖರೇ ಏನು? ಇದು ನಿಮ್ಮಣ್ಣನ ತೋಟದ್ದು. ಬೇಲಿ ದಾಟಿ ಹರಕೊಂಡು ಬಂದೀದಿ. ಅವನ ಬಾವಿ ನೀರು ಸವಳು, ಎಲಿ ತುದಿಯೊಳಗ ತಿಳೀತೈತಿ. ನಾ ಬೇಕಂತ ತಪ್ಪ ಹೇಳಿದೆ. ಹೌದು ಅಂತೀಯೋ ಅಲ್ಲ ಅಂತೀಯೋ ನೋಡೂಣು ಅಂತ."

ಕಾಕಾನ ಮುಖದ ಬಣ್ಣ ಹೋಯಿತು. ಹೇಗೂ ಹೌದೆನ್ನುವುದೇ ಆದರೆ ಸ್ವಂತ ಎಲೆ ಯಾಕೆ ಕೆಡಿಸಬೇಕು ಎಂದು ಅವನು ಅಣ್ಣನ ಬೇಲಿ ಹಾರಿದ್ದ. ಇದು ನನಗೂ ಗೊತ್ತಿರಲಿಲ್ಲ. "ಅಣ್ಣಗ ಹೇಳಬ್ಯಾಡ ಮಾರಾಯಾ, ಬೇಲಿ ಮ್ಯಾಲ ಮದಲ ಕೋರ್ಟಿಗೆ ಹೋಗೇವಿ" ಎಂದು ಅಪ್ಪನ ಕೈ ಹಿಡಿದುಕೊಂಡ. ಅಪ್ಪ ಪೆಂಡಿಯಿಂದ ಇನ್ನೊಂದು ಎಲೆ ಎಳೆದು ಬಾಯಿಗೆ ಹಾಕಿಕೊಂಡರು. ಈ ಸಲ ಕಣ್ಣು ಮುಚ್ಚಲಿಲ್ಲ, ಸುಮ್ಮನೆ ತಿಂದರು, ಹಸಿದವರು ಊಟ ಮಾಡುವ ಹಾಗೆ.

"ವ್ಯಾಪಾರಿಗೆ ಬರಾಕ ಹೇಳಿ ಕಳಸು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಲೇ ತಮ್ಮಾ, ಯಾರ ಕಡಿಂದರ ಸುಳ್ಳ ಹೇಳಸೂದಾದ್ರ, ಎಲಿ ತಿನ್ನದವರ ಮುಂದ ಹೇಳಸು."